ಬಾಗಿಲಲ್ಲಿ ಮೂಸುವ ಮಗಳು

ನಮ್ಮದು ಡಾರ್ಲಿಂಗ್ ನದಿ ದಂಡೆಯ ಸಣ್ಣ ಊರು. ಗಂಡಸರಿಗೆ ಕುರಿಯ ಉಣ್ಣೆ ಕತ್ತರಿಸುವ ಕೆಲಸ. ಶೆಡ್ಡಿನಲ್ಲಿ ಹಂಗಾಮಿನ ಕಡೆಯ ಕುರಿಯ ಉಣ್ಣೆ ಕತ್ತರಿಸಿ ಮುಗಿದ ದಿನ ಬಿಯರ್ ಕುಡಿಯದೆ ಯಾರೂ ಮನೆಗೆ ಬರುವುದಿಲ್ಲ. ಹೆಂಗಸರಿಗೂ ಒಂದು ಪದ್ಧತಿಯಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪ ಬಂದಾಗ ಮಗಳು ಓಡಿಹೋಗಿ ತಬ್ಬಿಕೊಳ್ಳಬೇಕು, ಬಾಯಿ ಮೂಸಬೇಕು, ಅಡುಗೆಮನೆಗೆ ಬಂದು ಅಮ್ಮನಿಗೆ ವರದಿ ಒಪ್ಪಿಸಬೇಕು. ಏಳು ವರ್ಷದವಳಿದ್ದಾಗ ನಾನೂ ಮೂಸಿದ್ದೇನೆ. ಆಮೇಲೆ ನನ್ನ ಮಗಳು ಟ್ರೇಸಿಯ ಸರದಿ ಬಂತು.

ನನ್ನ ಗಂಡ ನೆವಿಲ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಪ್ರತಿ ಗುರುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ, ಕುಡಿತ ಬಿಟ್ಟವರ ಜೊತೆ ಕೂತು ಬರುತ್ತಿದ್ದ. ಆದರೂ ನಾನು ಅವನ ಫ್ಲಾಸ್ಕ್ ಮೂಸುತ್ತಿದ್ದೆ, ಟ್ರಕ್ಕಿನ ಸೀಟಿನಡಿ ಕೈಯಾಡಿಸುತ್ತಿದ್ದೆ. ಏನೂ ಸಿಗದಿದ್ದರೆ ಸಮಾಧಾನವಾಗುತ್ತಿರಲಿಲ್ಲ. ಎಲ್ಲಿ ಬಚ್ಚಿಟ್ಟಿದ್ದಾನೋ ಎಂದು ಇನ್ನಷ್ಟು ತಳಮಳ.

ಆ ಶುಕ್ರವಾರ ಕಡೆಯ ಕುರಿ ಮುಗಿದಿತ್ತು. ನೆವಿಲ್ ಬರುವುದು ಒಂದು ಗಂಟೆ ತಡವಾಯಿತು.

"ಕುಡಿದೇ ಬರ್ತಾನೆ, ನೋಡ್ತಾ ಇರು," ಅತ್ತೆ ಬೆರಿಲ್ ಆಲೂಗಡ್ಡೆ ಸುಲಿಯುತ್ತ ಅಂದರು. "ಅವರಪ್ಪನೂ ಹಿಂಗೇ. ಆರು ತಿಂಗಳು ಭಾರೀ ಸಾಚಾ ಆಗಿದ್ದ."

ಟ್ರಕ್ ನಿಂತ ಸದ್ದಾಯಿತು. ನಾನು ಟ್ರೇಸಿಯ ಬೆನ್ನು ತಳ್ಳಿದೆ. ನೆವಿಲ್ ಬಾಗಿಲಲ್ಲೇ ಬಗ್ಗಿ, ತಾನಾಗಿ ಬಾಯಿ ತೆರೆದು, ಮಗಳ ಮುಖಕ್ಕೆ ಉಸಿರು ಬಿಟ್ಟ.

ಟ್ರೇಸಿ ಒಳಗೆ ಬಂದಳು. "ಏನೂ ಇಲ್ಲಮ್ಮ. ಉಣ್ಣೆ ಜಿಡ್ಡಿನ ವಾಸನೆ ಅಷ್ಟೆ."

"ನಿಜ ಹೇಳೇ."

"ಅಪ್ಪನ ಮಗಳಲ್ವಾ, ಮುಚ್ಚಿಡ್ತಾಳೆ," ಅಂದರು ಅತ್ತೆ.

ಟ್ರೇಸಿ ನನ್ನತ್ತ ತಿರುಗಿದಳು. "ಮುಂಚೆ ಮುಚ್ಚಿಟ್ಟಿದೀನಿ, ನೀನೂ ಅಪ್ಪನೂ ಕಿತ್ತಾಡಬಾರ್ದು ಅಂತ. ಇವತ್ತು ನಿಜ ಹೇಳಿದ್ರೂ ನಂಬಲ್ಲ. ಅಮ್ಮ, ಅಪ್ಪನ್ನ ಒಂದ್ಸಲನಾದ್ರೂ ಸುಮ್ನೆ ತಬ್ಕೋಬೋದಾ ನಾನು?"

ನನಗೆ ನಾಚಿಕೆಯಾಯಿತು. ಕುಡಿಯುತ್ತಿದ್ದವನು ಅವನು, ನಿಜ; ಆದರೆ ಮಗುವನ್ನು ಪೊಲೀಸ್ ನಾಯಿ ಮಾಡಿದವಳು ನಾನು.

"ಅತ್ತೆ, ಇನ್ಮೇಲೆ ಈ ಮನೇಲಿ ಮಗು ಯಾರನ್ನೂ ಮೂಸಲ್ಲ."

"ಮತ್ತೆ ನಿಂಗೆ ಹೆಂಗೆ ಗೊತ್ತಾಗುತ್ತೆ?"

"ನಾನೇ ಕೇಳ್ತೀನಿ. ಅನುಮಾನ ನಂದು, ಅವಳದಲ್ಲ."

"ಕೇಳು, ಕೇಳು. ಭಾರೀ ಸತ್ಯವಂತನ ಹಾಗೆ ಹೇಳ್ಬಿಡ್ತಾನೆ!"

ಬಾಗಿಲಿಗೆ ಹೋದೆ. "ಯಾಕೆ ತಡ ಆಯ್ತು?"

ನೆವಿಲ್ ಹೊಸಬಳನ್ನು ಕಂಡವನಂತೆ ನೋಡಿದ. "ಶೆಡ್ಡಲ್ಲಿ ಎಲ್ಲರೂ ಬಿಯರ್ ತೆಗೆದ್ರು. ಎದ್ದು ಬಂದೆ. ವಾಪಸ್ ಹೋಗಿ ಕುಡಿದ್ಬಿಡ್ತೀನೇನೋ ಅನ್ನಿಸ್ತು. ಹೊಳೆ ಹತ್ರ ಗಾಡಿ ನಿಲ್ಸಿ ಕೂತಿದ್ದೆ."

ಪೂರ್ತಿ ನಂಬಿದೆ ಎಂದು ಹೇಳಲಾರೆ. ಅವನ ಬಾಯ ಹತ್ತಿರ ಹೋಗಿ ನಾನೇ ಮೂಸಬೇಕೆಂದು ಜೀವ ಎಳೆಯುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.

"ಊಟಕ್ಕೆ ಬಾ," ಅಂದೆ.