ಕ್ರೆಸೆನ್ಸಿಯಾಳ ಸಡಿಲ ಬೂಟು

ಮೆತ್ತನೆಯ ತೊಗಲಿಗೆ ಸಾವಿರದ ನೂರು ಪೆಸೊ, ಒಳ ಅಟ್ಟೆಗೆ ಒಂಬೈನೂರು, ಕಾಲಿನ ಅಳತೆಗೆ ಮರದ ಅಚ್ಚು ಕೆತ್ತಲು ಏಳುನೂರು, ಕೂಲಿ ಸಾವಿರದ ಐನೂರು. ಒಟ್ಟು ನಾಲ್ಕು ಸಾವಿರದ ಇನ್ನೂರು. ಮಾರಿಕಿನಾ ಪೇಟೆಯಲ್ಲಿ ಆರು ಪೆಸೊಗೊಂದರಂತೆ ಪೂತೊ ಎಂಬ ಅಕ್ಕಿ ಕಡುಬು ಬೇಯಿಸಿ ಮಾರುವ ಕ್ರೆಸೆನ್ಸಿಯಾಗೆ ಅದು ಏಳುನೂರು ಪೂತೊಗಳ ಬೆಲೆ. ಪೇಟೆಯ ಸಿದ್ಧ ಬೂಟು ಆರುನೂರಕ್ಕೇ ಸಿಗುತ್ತಿತ್ತು.

ಹಣ ಕೊಡುವವಳು ಸೊಸೆ ರೋವೆನಾ. ಅನುಮಾನ ಶುರುವಾದದ್ದೇ ಅಲ್ಲಿಂದ. ಬೂಟು ಉಡುಗೊರೆ ಕೊಟ್ಟರೆ ತೊಟ್ಟವರು ಆ ಮನೆ ಬಿಟ್ಟು ನಡೆದುಹೋಗುತ್ತಾರೆಂದು ಯಾರಿಗೆ ತಿಳಿಯದು?

ಆದರೂ ಅಳತೆ ಕೊಡಲು ಸೊಸೆಯ ಜೊತೆ ಹೋಗಲೇಬೇಕಾಯಿತು. ಸಕ್ಕರೆ ಕಾಯಿಲೆ ಹೋದ ವರ್ಷ ಎಡಗಾಲಿನ ಕಿರುಬೆರಳನ್ನು ತಿಂದಿತ್ತು. ಇನ್ನೊಂದು ಹುಣ್ಣಾದರೆ ಪಾದವೇ ಹೋಗುತ್ತದೆಂದು ಡಾಕ್ಟರು ಹೇಳಿದ್ದರು.

ಬೂಟು ಹೊಲಿಯುವ ಮುದುಕ ಪ್ಲಾಸಿಡೊ ಅವಳ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದ. ಆಮೇಲೆ ಪೊರಕೆಕಡ್ಡಿಯೊಂದನ್ನು ಮುರಿದುಕೊಂಡ.

"ಕಣ್ಣು ಮುಚ್ಚಿ, ಅಲಿಂಗ್ ಕ್ರೆಸೆನ್ಸಿಯಾ. ಎಲ್ಲಿ ಚುಚ್ತೀನಿ ಹೇಳಿ."

"ಹೆಬ್ಬೆರಳ ಹತ್ರ."

"ಓರೆಗಣ್ಣಲ್ಲಿ ನೋಡಿ ಹೇಳಿದ್ರೆ ಬಹುಮಾನ ಇಲ್ಲ."

"ಕಾಲು ನಂದು. ನಂಗೆ ಗೊತ್ತಾಗುತ್ತೆ!"

ಅವಳಿಗೆ ಗೊತ್ತಾಗಿರಲಿಲ್ಲ. ಸೊಸೆಯ ಮುಂದೆ ಒಪ್ಪಿಕೊಳ್ಳುವುದು ಬೇಡವಾಗಿತ್ತು, ಅಷ್ಟೆ.

ಎರಡು ವಾರಕ್ಕೆ ಬೂಟು ಬಂತು. ಒಳಗೆ ಒಂದು ಹೊಲಿಗೆಯೂ ಕೈಗೆ ಸಿಗದು. ಬೆರಳುಗಳ ಮುಂದೆ ಹೆಬ್ಬೆರಳಗಲ ಜಾಗ.

"ಮಾಂಗ್ ಪ್ಲಾಸಿಡೊ, ಅಳೆದಿದ್ದು ನನ್ನ ಕಾಲನ್ನೋ, ಗದ್ದೆ ಕೋಣದ ಕಾಲನ್ನೋ? ಬಿಗಿ ಅಂತ ಅನ್ನಿಸ್ತಾನೇ ಇಲ್ಲ."

"ನಿಮಗೆ ಬಿಗಿ ಅನ್ನಿಸೋ ಹೊತ್ತಿಗೆ ಚರ್ಮ ಕಿತ್ತಿರುತ್ತೆ. ದಿನಾ ಹಾಕೋ ಮುಂಚೆ ಒಳಗೆ ಕೈಯಾಡಿಸಿ ನೋಡಿ, ಅಟ್ಟೆ ಎತ್ತಿ ನೋಡಿ."

"ಯಾಕೆ, ನೀವು ಮಾಡಿದ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಯಾರದೋ ಹಳೆಯ ಅಚ್ಚಿಗೆ ಹೊಲಿದು ತನ್ನ ತಲೆಗೆ ಕಟ್ಟಿದ್ದಾನೆಂದು ಅವಳು ತೀರ್ಮಾನಿಸಿಕೊಂಡಳು.

ಮನೆಗೆ ಬಂದು ಸೊಸೆಯತ್ತ ಒಂದು ಪೆಸೊ ಚಾಚಿದಳು. ನಾಣ್ಯ ಕೊಟ್ಟರೆ ಅದು ಕೊಂಡ ಬೂಟು. ಉಡುಗೊರೆಯ ದೋಷ ತಟ್ಟದು.

"ಅಯ್ಯೋ ನಾನಾಯ್, ನಿಮ್ಮ ಹತ್ರ ನಾನು ದುಡ್ಡು ಇಸ್ಕೊಳ್ಳೋದಾ!" ಅತ್ತೆಯನ್ನು ನಾನಾಯ್, ಅಂದರೆ ಅಮ್ಮ, ಎಂದೇ ಕರೆಯುವ ರೋವೆನಾ ನಕ್ಕು ಒಳಗೆ ಹೋದಳು.

ಬೇಡವಂತೆ! ಅಂದರೆ ತಾನು ಹೋಗಲಿ ಅಂತಲೇ. ಕ್ರೆಸೆನ್ಸಿಯಾ ಸುಮ್ಮನಿರುವವಳಲ್ಲ. ಎಡಗಾಲಿನ ಬೂಟಿನ ಒಳ ಅಟ್ಟೆ ಎತ್ತಿ ನಾಣ್ಯವನ್ನು ಅದರಡಿ ಇಟ್ಟಳು. ಕೊಟ್ಟ ಹಣ ಬೂಟಿನ ಜೊತೆಗೇ ಇರಲಿ. ತೊಟ್ಟು ನಾಲ್ಕು ಹೆಜ್ಜೆ ನಡೆದಳು. ಎಲ್ಲೂ ಒತ್ತಲಿಲ್ಲ. ಒತ್ತದಿದ್ದ ಮೇಲೆ ತೊಂದರೆ ಏನು?

ಹನ್ನೆರಡನೆಯ ದಿನ ಬಟ್ಟೆ ಒಗೆಯುತ್ತಿದ್ದ ರೋವೆನಾ ಕಾಲುಚೀಲ ಹಿಡಿದು ಓಡಿಬಂದಳು. "ನಾನಾಯ್, ರಕ್ತ!"

ಹೆಬ್ಬೆರಳ ಬುಡದಲ್ಲಿ ಹುಣ್ಣು ಬಾಯಿ ತೆರೆದಿತ್ತು; ಬೆರಳೂ ಕಪ್ಪಾಗತೊಡಗಿತ್ತು. ನಾಣ್ಯದ ನೆನಪೇ ಕ್ರೆಸೆನ್ಸಿಯಾಗೆ ಬರಲಿಲ್ಲ. ನೋಯದ್ದನ್ನು ಯಾರು ನೆನೆಯುತ್ತಾರೆ? ಆಸ್ಪತ್ರೆಗೆ ಹೊರಟ ಗಾಡಿಯನ್ನು ಪ್ಲಾಸಿಡೊನ ಅಂಗಡಿ ಮುಂದೆ ನಿಲ್ಲಿಸಿ ಕೂಗಾಡಿದಳು.

"ಮೊಳೆ ಬಿಟ್ಟಿದ್ದೀರಿ ಒಳಗೆ! ನೀವೂ ಇವಳೂ ಮಾತಾಡಿಕೊಂಡೇ ಮಾಡಿದ್ದು!"

ರೋವೆನಾ ಬಿಳಿಚಿಕೊಂಡಳು. ಮುದುಕ ಕ್ರೆಸೆನ್ಸಿಯಾ ಚಾಚಿದ ಬೂಟಿಗೆ ಕೈಹಾಕಿ ಅಟ್ಟೆ ಎತ್ತಿದ. ನಾಣ್ಯ ಅವನ ಅಂಗೈಗೆ ಬಿತ್ತು.

ಗಾಡಿಯವನೂ ಇಣುಕಿ ನೋಡಿದ.

"ನಾನೇ ಇಟ್ಟಿದ್ದು," ಎಂದಳು ಕ್ರೆಸೆನ್ಸಿಯಾ. "ಒತ್ತಲಿಲ್ಲವಲ್ಲ."

"ನನ್ನ ಮೇಲೆ ಅನುಮಾನ ಪಟ್ರಿ, ಈ ಹುಡುಗಿ ಮೇಲೂ ಪಟ್ರಿ. ಸುಳ್ಳು ಹೇಳ್ತಿದ್ದ ಕಾಲನ್ನ ಮಾತ್ರ ನಂಬಿದ್ರಿ," ಎಂದ ಪ್ಲಾಸಿಡೊ.

ಆಗ ಅವಳು ಸೊಸೆಯ ಮುಂದೆಯೇ ಹೇಳಿದಳು: "ಆ ಕಡ್ಡಿ ಚುಚ್ಚಿದ್ದು ನಂಗೆ ಗೊತ್ತಾಗಲೇ ಇಲ್ಲ."

ರೋವೆನಾ ಮುದುಕನ ಕೈಯಿಂದ ನಾಣ್ಯ ತೆಗೆದುಕೊಂಡು ಪರ್ಸಿಗೆ ಹಾಕಿಕೊಂಡಳು. "ಇಗೋ, ತಗೊಂಡೆ. ಬೂಟು ನೀವೇ ಕೊಂಡಿದ್ದು. ಈಗ ನಡೀರಿ, ನಾನಾಯ್."

ಆಸ್ಪತ್ರೆಯಲ್ಲಿ ಹೆಬ್ಬೆರಳು ಹೋಯಿತು. ಪಾದ ಉಳಿಯಿತು.