ಮೂರನೇ ಫೋಟೊ

ಕಂಪ್ಯೂಟರ್ ಪರದೆಯ ಮೇಲೆ ಕಿತ್ತಳೆ ಬಣ್ಣದ ಪಟ್ಟಿಯನ್ನು ಸ್ವಲ್ಪ ಬಲಕ್ಕೆ, ಕೆಂಪಿನ ಪಟ್ಟಿಯನ್ನು ಸ್ವಲ್ಪ ಎಡಕ್ಕೆ ಎಳೆದಾಗ ಫೋಟೊದಲ್ಲಿ ನಾಗರಾಜಪ್ಪನ ಮುಖ ಬೆಳಗಿತು. ಹಣೆಯ ವಿಭೂತಿ ಬೆಳ್ಳಗೆ ನಿಂತಿತು, ಅದರ ನಡುವಿನ ಕುಂಕುಮದ ಬೊಟ್ಟು ಕಪ್ಪಗೆ ಉಳಿಯಿತು. ಸಂತೋಷ ಕುರ್ಚಿಗೆ ಒರಗಿದ. ಬೆಳಗಿನಿಂದ ಅವನು ಹುಡುಕುತ್ತಿದ್ದುದು ಇದನ್ನೇ.

ದಾವಣಗೆರೆಯ ವಿನೋಬನಗರದಲ್ಲಿ ಅವನ ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಮದುವೆ, ನಾಮಕರಣ, ಪಾಸ್‌ಪೋರ್ಟು ಎಲ್ಲವೂ ಬಣ್ಣದ್ದು. ಕಪ್ಪು-ಬಿಳುಪು ಬೇಕಾಗುವುದು ಸತ್ತವರಿಗೆ ಮಾತ್ರ: ಶಿವಗಣಾರಾಧನೆಯ ಕಾರ್ಡಿಗೆ, ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸಿಗೆ. ಹೋದ ವಾರ ಮಾಯಕೊಂಡದ ಒಂದು ಮನೆಯವರು ಕಾರ್ಡುಗಳನ್ನೆಲ್ಲ ತಂದು ಟೇಬಲ್ ಮೇಲೆ ಕುಕ್ಕಿ ಹೋಗಿದ್ದರು. ಮುತ್ತೈದೆಯಾಗಿ ಹೋದ ಅಜ್ಜಿಯ ಹಣೆಯಲ್ಲಿ ಕುಂಕುಮವೇ ಇರಲಿಲ್ಲ. ಬಣ್ಣ ತೆಗೆಯುವಾಗ ಸಾಫ್ಟ್‌ವೇರು ಅದನ್ನೂ ಚರ್ಮದ ಜೊತೆ ಸೇರಿಸಿ ನುಂಗಿಬಿಟ್ಟಿತ್ತು. ಅದಕ್ಕೇ ಸಂತೋಷ ಈಗ ಮೂರು ಸಾಫ್ಟ್‌ವೇರುಗಳನ್ನು ಎದುರುಬದುರು ಇಟ್ಟು ನೋಡುತ್ತಿದ್ದ. ಪರೀಕ್ಷೆಗೆ ಸಿಕ್ಕಿದ್ದು ಅಪ್ಪ ನಾಗರಾಜಪ್ಪನ ಮುಖ. ಮನೆಯಲ್ಲೇ ಇರುವ ಮುಖ, ತಕರಾರು ಹೇಳುವಂಥದ್ದೂ ಅಲ್ಲ.

ಮೊದಲನೆಯದು ಮುಖಕ್ಕೆ ಮಸಿ ಬಳಿದಿತ್ತು. ಎರಡನೆಯದರಲ್ಲಿ ಹಣೆ, ವಿಭೂತಿ, ಬಿಳಿ ಶಲ್ಯ ಎಲ್ಲ ಕಲಸಿ ಅಂಬಲಿಯಾಗಿತ್ತು. ಮೂರನೆಯದು ಸರಿ. ಆದರೂ ನಾಲ್ಕು ಜನ ಹೇಳಲಿ ಎಂದು ಮೂರನ್ನೂ ಒಂದರ ಹಿಂದೊಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಕೊನೆಯದರ ಕೆಳಗೆ, ‘ಅಪ್ಪಾಜಿ ಮೇಲೆ ಪ್ರಯೋಗ. ಮೂರರಲ್ಲಿ ಯಾವುದು ಚೆನ್ನಾಗಿದೆ?’ ಎಂದು ಬರೆದ. ಫೋನನ್ನು ಚಾರ್ಜಿಗಿಟ್ಟು ತಿಂಡಿಗೆ ಒಳಗೆ ಹೋದ.

ಊರಿನ ಜನ ಮೂರನೆಯದರವರೆಗೆ ಬರುತ್ತಾರೆಂದು ಅವನು ನಂಬಿದ್ದೇ ತಪ್ಪಾಯಿತು. ಕಪ್ಪು-ಬಿಳುಪಿನಲ್ಲಿ ಒಬ್ಬ ಹಿರಿಯರ ಮುಖ ಕಂಡ ಮೇಲೆ ಮುಂದಕ್ಕೆ ನೋಡುವುದಕ್ಕೆ ಏನಿರುತ್ತದೆ? ತಿಂಡಿ ಮುಗಿಸಿ ಬರುವ ಹೊತ್ತಿಗೆ ಫೋನಿನ ತುಂಬ ‘ಓಂ ಶಾಂತಿ’, ಮುಗಿದ ಕೈಗಳು. ಅದರ ನಡುವೆಯೇ ಅವನ ಗೆಳೆಯ, ಮದುವೆ ವಿಡಿಯೊ ತೆಗೆಯುವ ಮುದಸ್ಸಿರ್‌ನ ಫೋನು ಬಂತು.

“ಯಾವಾಗ ಹೋದ್ರೊ ಅಪ್ಪಾಜಿ? ನಂಗೊಂದು ಮಾತು ಹೇಳ್ಬಾರದಾ?”

“ಎಲ್ಲೂ ಹೋಗಿಲ್ಲಪ್ಪ. ಮಂಡಕ್ಕಿ ತಿಂತಾ ಕೂತಾರೆ.”

ಸಂತೋಷ ವಿಷಯ ಹೇಳಿದಾಗ ನಾಗರಾಜಪ್ಪನಿಗೆ ಬೇಜಾರೇನೂ ಆಗಲಿಲ್ಲ.

“ಯಾರ್ಯಾರು ಅತ್ತಾರೆ ನೋಡು,” ಎಂದ.

“ಅಳೋ ಬೊಂಬೆ ಮೂರ್ನಾಕು ಅದಾವೆ. ಕೈ ಮುಗಿದೋರಿಗೆ ಲೆಕ್ಕಿಲ್ಲ.”

ನಾಗರಾಜಪ್ಪ ಒಂದು ಮುಕ್ಕು ಮಂಡಕ್ಕಿ ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದ. ಆಮೇಲೆ ಗೋಡೆ ನೋಡುತ್ತಾ, “ಹರಿಹರದಿಂದ?” ಎಂದ.

“ಅತ್ತೆ ನೋಡ್ಯಾಳೆ. ಏನೂ ಬರೆದಿಲ್ಲ.”

“ಹ್ಞೂಂ.”

ಸಂತೋಷನಿಗೆ ಅಪ್ಪನನ್ನು ನೋಡಿ ಅಯ್ಯೋ ಅನ್ನಿಸಿತು.

ಹರಿಹರದ ಸರ್ವಮಂಗಳಮ್ಮ ನಾಗರಾಜಪ್ಪನ ಒಬ್ಬಳೇ ತಂಗಿ. ಸಂತೋಷನ ಮದುವೆಯಲ್ಲಿ ಮದುಮಗನಿಗೆ ಆರತಿ ಎತ್ತಬೇಕಾದವಳು ಸೋದರತ್ತೆಯಾದ ಅವಳು. ಹೊಸ ಸೀರೆ ಉಟ್ಟು ತಯಾರಾಗಿ ಒಳಗಿದ್ದಳು. ಹೊರಗೆ ಮುದಸ್ಸಿರ್, ಬಿಸಿಲು ಚೆನ್ನಾಗಿ ಬಿದ್ದಿದೆ, ಬೇಗ ಬೇಗ ಎಂದು ಅವಸರ ಮಾಡಿದ್ದ. ತಟ್ಟೆ ಪಕ್ಕದಲ್ಲಿದ್ದ ಯಾರದೋ ಕೈಗೆ ಹೋಯಿತು, ವಿಡಿಯೊ ಚಂದ ಬಂತು. ಸರ್ವಮಂಗಳಮ್ಮ ಕೇಳಿದಾಗ ನಾಗರಾಜಪ್ಪ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. “ಯಾರೆತ್ತಿದ್ರೇನು, ಆರತಿ ಆರತೀನೇ,” ಎಂದುಬಿಟ್ಟ. “ಹಂಗಾದ್ರೆ ನೀ ಇರೋತನ ಈ ಮನೆ ಒಳಗೆ ಕಾಲಿಡಂಗಿಲ್ಲ,” ಎಂದು ಅವಳು ಊಟವನ್ನೂ ಮಾಡದೆ ಬಸ್ಸು ಹತ್ತಿದ್ದಳು. ಅವನಿಗೆ ಹೃದಯದ ಆಪರೇಷನ್ ಆದಾಗಲೂ ಬರಲಿಲ್ಲ. ಆಸ್ಪತ್ರೆಯಲ್ಲಿ ಬಾಗಿಲು ಸದ್ದಾದಾಗೆಲ್ಲ ಅವನು ಕತ್ತೆತ್ತಿ ನೋಡುತ್ತಿದ್ದ.

ಸ್ಟೇಟಸ್ ಹಾಕಿ ಒಂದು ಗಂಟೆಯಾಗಿರಬೇಕು, ಮನೆಯ ಮುಂದೆ ಆಟೊ ನಿಂತಿತು. ಇಳಿದವಳು ಸರ್ವಮಂಗಳಮ್ಮ. ಕೈಯಲ್ಲಿ ಸುಗಂಧರಾಜದ ದಪ್ಪ ಹಾರ. ಗೇಟು ತೆಗೆದು, ಮೆಟ್ಟಿಲು ಹತ್ತಿ, ಬಾಗಿಲ ಹೊರಗೆ ನಿಂತಳು. ಒಳಗೆ ಬೆತ್ತದ ಕುರ್ಚಿಯಲ್ಲಿ ಅಣ್ಣ ಮಂಡಕ್ಕಿ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಅದೀಯಾ?” ಎಂದಳು.

“ಅದೀನಿ.”

“ಹಾರ ತಂದಿದ್ದೆ.”

“ಕಾಣ್ತೈತೆ. ದಪ್ಪಂದೇ ತಂದೀಯ.”

“ಸಣ್ಣದು ತಂದ್ರೆ ಅದಕ್ಕೂ ಮಾತಾಡ್ತಿದ್ದೆ.”

ಸಂತೋಷ, “ಒಳಗೆ ಬಾ ಅತ್ತೆ. ತಪ್ಪು ನಂದು,” ಎಂದ. ಅವಳು ಅಲ್ಲಾಡಲಿಲ್ಲ. ಅಣ್ಣ ಇದ್ದ ಮೇಲೆ ಅವಳು ಅಂದು ಆಡಿದ ಮಾತೂ ಇತ್ತು.

ಸಂತೋಷನ ಹೆಂಡತಿ ನಯನಾ ಬುದ್ಧಿವಂತೆ. ಅಡಿಗೆಮನೆಗೆ ಹೋಗಿ ಅರಿಶಿನಕ್ಕೆ ಸುಣ್ಣ ಕಲಸಿ, ತಟ್ಟೆಯಲ್ಲಿ ಕೆಂಪು ನೀರು ತಂದಳು. “ಸತ್ತ ಸುದ್ದಿ ಹಬ್ಬಿದ್ರೆ ಆಯುಷ್ಯ ಜಾಸ್ತಿ ಅಂತಾರೆ ನಮ್ಮಮ್ಮ. ಆದ್ರೆ ದೃಷ್ಟಿ ತೆಗೀಬೇಕಂತೆ. ಬರ್ರಿ ಮಾವ, ಆರತಿ ಎತ್ತಿಬಿಡ್ತೀನಿ.”

ನಾಗರಾಜಪ್ಪ ಬಟ್ಟಲನ್ನು ಕೆಳಗಿಟ್ಟ. ಕುರ್ಚಿಯ ಕೈ ಹಿಡಿದು ಎದ್ದ.

“ನೀ ಬ್ಯಾಡಮ್ಮ,” ಎಂದ. “ಎತ್ಬೇಕಾದೋರೇ ಎತ್ಬೇಕು. ಯಾರಾದ್ರೂ ಎತ್ತಿದ್ರೆ ಆಗಂಗಿಲ್ಲ.”

ಒಂದೊಂದೇ ಹೆಜ್ಜೆ ಇಡುತ್ತಾ ಬಾಗಿಲಿಗೆ ಬಂದ. ತಂಗಿಯ ಪಕ್ಕದಿಂದಲೇ ಹಾದು ಹೊರಗಿಳಿದ. ಅಲ್ಲಿ ಮನೆಯ ಕಡೆಗೆ ಮುಖ ಮಾಡಿ, ಹೊಸದಾಗಿ ಮನೆ ತುಂಬಿಸಿಕೊಳ್ಳುವವರು ನಿಲ್ಲುವ ಹಾಗೆ ಕೈ ಕಟ್ಟಿ ನಿಂತ. ಆರತಿ ಎತ್ತುವವರು ಒಳಗೇ ನಿಲ್ಲಬೇಕಲ್ಲ.

ಸರ್ವಮಂಗಳಮ್ಮ ಅಣ್ಣನನ್ನು ನೋಡಿದಳು, ಖಾಲಿ ಕುರ್ಚಿಯನ್ನು ನೋಡಿದಳು. ಹಾರವನ್ನು ಕಿಟಕಿಯ ಸರಳಿಗೆ ತೂಗುಹಾಕಿದಳು. ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿ ಒಳಗೆ ಹೋಗಿ, ತಿರುಗಿ, ನಯನಾಳ ಕೈಯಿಂದ ತಟ್ಟೆ ತೆಗೆದುಕೊಂಡಳು.

ಮೇಜಿನ ಮೇಲೆ ಕ್ಯಾಮೆರಾ ಇತ್ತು. ಬಿಸಿಲೂ ಚೆನ್ನಾಗಿ ಬಿದ್ದಿತ್ತು. ಸಂತೋಷ ಮುಟ್ಟಲಿಲ್ಲ.

ಅವಳು ಅವಸರವಿಲ್ಲದೆ ಬೆಳಗಿದಳು. ಕೆಂಪು ನೀರಲ್ಲಿ ಬೆರಳದ್ದಿ ಅಣ್ಣನ ಹಣೆಗೆ ಇಟ್ಟಳು. ಉಳಿದ ನೀರನ್ನು ಗೇಟಿನ ಆಚೆ ಚೆಲ್ಲಿ ಬರಲು ತಟ್ಟೆಯನ್ನು ನಯನಾಳಿಗೆ ಕೊಟ್ಟು, ಸಂತೋಷನ ಕಡೆ ತಿರುಗಿದಳು.

“ಮೊದ್ಲ ಎರಡು ತಗದ್ಹಾಕು,” ಎಂದಳು. “ಒಂದು ಮಸಿ, ಒಂದು ಅಂಬಲಿ ಆಗೈತೆ. ಮೂರನೇದ್ರಾಗೆ ನಮ್ಮಪ್ಪನ ಹಂಗೇ ಕಾಣ್ತಾನೆ. ಅದೇ ಚೆನ್ನಾಗೈತೆ.”

ಸಂತೋಷ ಫೋನು ತೆಗೆದ. ಮೂರನೆಯ ಫೋಟೊ ನೋಡಿದ, ಅದರ ಕೆಳಗೆ ತಾನೇ ಬರೆದಿದ್ದ ‘ಅಪ್ಪಾಜಿ ಮೇಲೆ ಪ್ರಯೋಗ’ ಎಂಬುದನ್ನು ಓದಿದ. ತಲೆಯೆತ್ತಿ ಅತ್ತೆಯ ಮುಖ ನೋಡಿದ. ಅವಳು ಅವನನ್ನು ನೋಡಲಿಲ್ಲ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ನಾಗರಾಜಪ್ಪ ಇನ್ನೂ ಹೊರಗೇ ಕೈ ಕಟ್ಟಿ ನಿಂತಿದ್ದ.

“ಬಿಸ್ಲಾಗೆ ಯಾಕ ನಿಂತೀಯ?” ಎಂದಳು ಸರ್ವಮಂಗಳಮ್ಮ. “ಬಾ ಒಳಗೆ.”