ನೂರ ಹದಿನೆಂಟನೇ ಪುಟ

ಆ ಮನುಷ್ಯ ಇವತ್ತೂ ಬಂದಿದ್ದ. ಎದುರುಮನೆಯ ಹೊಂಗೆಮರದ ಕೆಳಗೆ, ಎದೆಗೆ ಅಡ್ಡಲಾಗಿ ಹಾಕಿಕೊಂಡ ಕಪ್ಪು ಚೀಲದ ಮೇಲೆ ಕೈಯಿಟ್ಟುಕೊಂಡು, ಇವರ ಗೇಟನ್ನೇ ನೋಡುತ್ತ ನಿಂತಿದ್ದ. ಕಾತ್ಯಾಯಿನಿ ಅಡುಗೆಮನೆ ಕಿಟಕಿಯ ಪರದೆಯನ್ನು ಎರಡು ಬೆರಳಷ್ಟು ಸರಿಸಿ ನೋಡಿ, ಥಟ್ಟನೆ ಬಿಟ್ಟಳು. ಗಂಟೆ ಮೂರೂ ಇಪ್ಪತ್ತು. ನಿನ್ನೆಯೂ ಇದೇ ಹೊತ್ತು. ನಿನ್ನೆ ಮುಕ್ಕಾಲು ಗಂಟೆ ನಿಂತಿದ್ದ. ಎರಡು ಸಲ ಗೇಟಿನವರೆಗೆ ಬಂದು, ಚಿಲಕಕ್ಕೆ ಕೈ ಹಾಕದೆ ಹಿಂದಿರುಗಿದ್ದ.

ಭಯ ಮನೆ ಹೊಕ್ಕು ಐದು ವಾರವಾಗಿತ್ತು. ಬನಶಂಕರಿ ಎರಡನೇ ಹಂತದ ಈ ಮನೆಯಲ್ಲಿ ಗಂಡಹೆಂಡತಿ ಇಪ್ಪತ್ತಾರು ವರ್ಷ ಬಾಗಿಲಿಗೆ ಅಗುಳಿ ಹಾಕದೆ ಬದುಕಿದ್ದರು. ರಾಮಪ್ರಸಾದರು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿ ನಿವೃತ್ತರಾದವರು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ನಿವೃತ್ತಿಯಾದ ಮೇಲೆ ಏಳು ವರ್ಷ ಕೂತು ಅವರು ಬರೆದ ಪುಸ್ತಕ 'ಜೈಕಾರದ ಕಾಲ'. ಪ್ರಶ್ನೆ ಕೇಳುವುದನ್ನು ಬಿಟ್ಟು ಜೈ ಅನ್ನುವುದನ್ನು ಈ ನಾಡು ಹೇಗೆ ಕಲಿಯಿತು ಎಂಬುದು ಅದರ ವಿಷಯ. ಯಾವ ಪಕ್ಷವನ್ನೂ ಬಿಟ್ಟಿರಲಿಲ್ಲ. ಅವರ ಕೈ ನಡುಗುತ್ತಿದ್ದುದರಿಂದ ಮುನ್ನೂರು ಪುಟವನ್ನೂ ಟೈಪು ಮಾಡಿದವಳು ಕಾತ್ಯಾಯಿನಿ. ಮೊದಲ ಎರಡು ತಿಂಗಳು ಪುಸ್ತಕ ಹುಟ್ಟಿದ್ದೇ ಯಾರಿಗೂ ಗೊತ್ತಾಗಲಿಲ್ಲ. ಆಮೇಲೊಂದು ಸಂಜೆ ಟೀವಿಯಲ್ಲಿ ಅದರ ನಾಲ್ಕು ಸಾಲುಗಳನ್ನು ಕೆಂಪು ಚೌಕಟ್ಟಿನಲ್ಲಿ ತೋರಿಸಿ, 'ಇವರಿಗೆ ಏನು ಮಾಡಬೇಕು, ನೀವೇ ಹೇಳಿ' ಎಂದು ಕೇಳಿದರು.

ಜನ ಹೇಳತೊಡಗಿದರು. ಪುಸ್ತಕದ ಕೊನೆಯಲ್ಲಿ ಪ್ರಕಾಶಕರು ಮನೆಯ ವಿಳಾಸ ಅಚ್ಚುಹಾಕಿ, ಓದಿದವರು ಅನಿಸಿಕೆ ತಿಳಿಸಬೇಕೆಂದು ಕೋರಿದ್ದರು. ಓದದವರೂ ತಿಳಿಸಿದರು. ಒಬ್ಬರು ರಾಮಪ್ರಸಾದರ ಫೋಟೋಕ್ಕೆ ಹಾರ ಹಾಕಿ, ಕೆಳಗೆ ಊದುಬತ್ತಿ ಹಚ್ಚಿದಂತೆ ಮಾಡಿ ಕಳಿಸಿದರು. ಹಳೆಯ ವಿದ್ಯಾರ್ಥಿಯೊಬ್ಬ ನಾಲ್ಕು ಪುಟ ಹೊಗಳಿ ಬರೆದು, ಕೊನೆಗೆ 'ದಯವಿಟ್ಟು ಈ ಕಾಗದ ಹರಿದುಹಾಕಿ ಸಾರ್' ಎಂದು ಸಹಿ ಮಾಡದೆ ಬಿಟ್ಟಿದ್ದ. ದಿನಾ ಸಂಜೆ ಜೊತೆಗೆ ದೇವಸ್ಥಾನಕ್ಕೆ ಬರುತ್ತಿದ್ದ ವಾರಿಜಾ, "ನಮ್ಮನೆಯವ್ರಿಗೆ ಬಿಪಿ ಕಣೇ, ಸ್ವಲ್ಪ ದಿನ ನಾನು ಆ ಕಡೆಯಿಂದ್ಲೇ ಹೋಗ್ತೀನಿ" ಎಂದಿದ್ದಳು.

ಎಲ್ಲಕ್ಕಿಂತ ಹೆಚ್ಚಾಗಿ ಕಾತ್ಯಾಯಿನಿಯ ಎದೆಯೊಡೆಸಿದ್ದು ಒಂದು ಅಂಚೆಕಾರ್ಡು. ಬೈಗುಳ ಒಂದೂ ಇರಲಿಲ್ಲ. 'ಬೆಳಿಗ್ಗೆ ಆರೂಕಾಲಿಗೆ ಪಾರ್ಕಿಗೆ ಹೊರಡುತ್ತೀರಿ. ಹಸಿರು ಮಫ್ಲರು. ಚಳಿ ಇದೆ, ಜೋಪಾನ.' ಅಷ್ಟೇ, ದುಂಡು ದುಂಡಾದ ಅಕ್ಷರ. ಅವತ್ತಿನಿಂದ ಅಂಚೆಯವನು ಬರುವ ಹೊತ್ತಿಗೆ ಅವಳೇ ಗೇಟಿನಲ್ಲಿ ನಿಲ್ಲುತ್ತಿದ್ದಳು. ಬಂದದ್ದನ್ನು ಸೆರಗಿನಡಿ ಮುಚ್ಚಿಕೊಂಡು ಒಳಗೆ ತಂದು ರಾಗಿಹಿಟ್ಟಿನ ಡಬ್ಬದ ಹಿಂದೆ ಸೇರಿಸುತ್ತಿದ್ದಳು. ಗಂಡನಿಗೆ ಮಂಡಿನೋವಿನ ನೆಪ ಹೇಳಿ ವಾಕಿಂಗು ಬಿಡಿಸಿದ್ದಳು. ಅವರು ಯಾಕೆಂದು ಕೇಳಿರಲಿಲ್ಲ.

ಈಗ ಮರದ ಕೆಳಗಿನವನು ಚೀಲದ ಜಿಪ್ಪನ್ನು ಅರ್ಧ ಎಳೆದು ಒಳಗೆ ಇಣುಕಿ, ಮತ್ತೆ ಮುಚ್ಚಿದ. ಏನಿದೆ ಅದರಲ್ಲಿ? ರಾಮಪ್ರಸಾದರು ಓದುವ ಕೋಣೆಯಲ್ಲಿ ಮಲಗಿದ್ದರು. ಅವಳು ಫೋನೆತ್ತಿ ಪರದೆಯ ಸಂದಿಯಿಂದ ಒಂದು ಫೋಟೋ ಹೊಡೆದಳು. ಮುಖ ಸ್ಪಷ್ಟವಾಗಿ ಬಂತು. ರಸ್ತೆಯವರ ವಾಟ್ಸಾಪ್ ಗುಂಪಿಗೆ ಅದನ್ನು ಹಾಕಿ ಬರೆದಳು: 'ಈತ ಎರಡು ದಿನದಿಂದ ನಮ್ಮ ಮನೆ ಮುಂದೆ ನಿಲ್ಲುತ್ತಿದ್ದಾನೆ. ಭಯವಾಗುತ್ತಿದೆ. ಯಾರಾದರೂ ಬನ್ನಿ.'

ಮೂಲೆಯ ಹಾರ್ಡ್‌ವೇರ್ ಅಂಗಡಿಯ ಪ್ರಸನ್ನ ತಕ್ಷಣ ಉತ್ತರಿಸಿದ. 'ಬಂದೆ ಆಂಟಿ. ಒಳಗೇ ಇರಿ.'

ಅವಳು ಒಳಗೇ ಇದ್ದಳು. ನಾಲ್ಕು ನಿಮಿಷದಲ್ಲಿ ಎರಡು ಬೈಕು ಬಂದವು. ಹಿಂದೆಯೇ ಇನ್ನೂ ಮೂವರು ಓಡಿ ಬಂದರು. "ಯಾರೋ ನೀನು? ಯಾವ ಏರಿಯಾ?" ಎಂದದ್ದು ಕೇಳಿಸಿತು. ಆತ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೊದಲನೆಯ ಏಟು ಬಿತ್ತು. ಕಪಾಳಕ್ಕೆ ಬಿದ್ದ ಸದ್ದು ಕಿಟಕಿಯ ಗಾಜು ದಾಟಿ ಬಂತು. ಎರಡನೆಯದಕ್ಕೆ ಆತ ಮರಕ್ಕೆ ಆನಿಕೊಂಡ. ಮೂರನೆಯದಕ್ಕೆ ಕೂತ. ಕಾತ್ಯಾಯಿನಿಗೆ ಒಂದು ಕ್ಷಣ, ಒಂದೇ ಕ್ಷಣ, ಐದು ವಾರದಲ್ಲಿ ಸಿಗದ ಸಮಾಧಾನ ಸಿಕ್ಕಿತು. ಸಿಕ್ಕಿತೆಂದು ಆಮೇಲೆ ನೆನೆಸಿಕೊಂಡಾಗೆಲ್ಲ ಅವಳಿಗೆ ಮೈ ಬೆವರುತ್ತಿತ್ತು.

ಪ್ರಸನ್ನ ಚೀಲ ಕಿತ್ತುಕೊಂಡು ರಸ್ತೆಗೆ ಸುರಿದ. ಒಂದು ಊಟದ ಡಬ್ಬಿ, ಮಡಿಚಿದ ನೀಲಿ ಯೂನಿಫಾರಂ ಅಂಗಿ, ಕಂದು ಕಾಗದದ ಹೊದಿಕೆ ಹಾಕಿದ ಒಂದು ಪುಸ್ತಕ. ಪ್ರಸನ್ನ ಅದನ್ನು ತೆರೆದು ನೋಡಿ ಇವರ ಕಿಟಕಿಯ ಕಡೆ ಎತ್ತಿ ಹಿಡಿದ.

"ಆಂಟೀ, ಸಾರ್ ಬುಕ್ಕೇ ಇಟ್ಕೊಂಡವ್ನೆ ನೋಡಿ! ಪೇಜ್ ಪೇಜಿಗೂ ಮಾರ್ಕ್ ಬೇರೆ ಮಾಡವ್ನೆ, ಬಡ್ಡಿಮಗ!"

ಅವಳು ಚಪ್ಪಲಿ ಮೆಟ್ಟದೆ ಓಡಿದಳು. "ಬಿಡ್ರಪ್ಪಾ, ಬಿಟ್ಬಿಡಿ, ಸಾಕು!" ಎಂದು ಕೂಗಿದ್ದು ತನ್ನ ದನಿಯಂತೆಯೇ ಇರಲಿಲ್ಲ. ಪುಸ್ತಕ ಇಸಿದುಕೊಂಡು ನೋಡಿದಳು. ಪುಟದ ಅಂಚಿನಲ್ಲೆಲ್ಲ ಪೆನ್ಸಿಲಿನ ಸಣ್ಣ ಬರಹ. 'ಸಾರ್ವಭೌಮತ್ವ' ಎಂಬುದರ ಕೆಳಗೆ ಗೆರೆಯೆಳೆದು ಅರ್ಥ ಬರೆದಿತ್ತು. ಒಂದೆಡೆ 'ಖರೆ' ಎಂದಿತ್ತು, ಇನ್ನೊಂದೆಡೆ ಬರೀ ಪ್ರಶ್ನೆ ಚಿಹ್ನೆ. ಮೂವತ್ತನಾಲ್ಕು ವರ್ಷ ಮಕ್ಕಳ ನೋಟುಪುಸ್ತಕ ತಿದ್ದಿದವಳಿಗೆ ಅದು ಮನಸ್ಸಿಟ್ಟು ಕಲಿಯುವವನ ಬರಹವೆಂದು ತಿಳಿಯಲು ಹೊತ್ತು ಬೇಕಾಗಲಿಲ್ಲ.

"ಸರ್ ಅವ್ರನ್ನ ಭೇಟಿ ಆಗಬೇಕಿತ್ರಿ ಅಮ್ಮಾರ," ಎಂದ ಆತ, ತುಟಿಯ ರಕ್ತವನ್ನು ಮುಂಗೈಯಿಂದ ಒರೆಸಿಕೊಳ್ಳುತ್ತ. "ಒಂದು ಮಾತು ಕೇಳಬೇಕಿತ್ತು. ದೊಡ್ಡವರು, ಬೆಲ್ ಒತ್ತಾಕ ಧೈರ್ಯ ಸಾಲಲಿಲ್ರಿ."

"ಹೀಗೇ ನಾಟ್ಕ ಆಡ್ತಾರೆ ಆಂಟಿ, ನಂಬ್ಬೇಡಿ," ಎಂದ ಪ್ರಸನ್ನ. ಅವನಿಗೆ ಉಸಿರು ಏರಿತ್ತು. ಇನ್ನೂ ಕೈ ಬಿಸಿಯಾಗಿತ್ತು. ಅವಳು ಕೆಳಗೆ ಕೂತಿದ್ದವನ ತೋಳು ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಬಂದಳು.

ಆತನ ಹೆಸರು ಚನ್ನವೀರ. ಊರು ಗದಗಿನ ಕಡೆ. ಬಿಟಿಎಂ ಬಡಾವಣೆಯಲ್ಲಿ ಇಬ್ಬರು ಗೆಳೆಯರ ಜೊತೆ ಒಂದು ಕೋಣೆ ಹಿಡಿದಿದ್ದ. ಯಾವುದೋ ಆಫೀಸಿನಲ್ಲಿ ಲಿಫ್ಟು, ಕರೆಂಟು ನೋಡಿಕೊಳ್ಳುವ ಕೆಲಸ. ಮಧ್ಯಾಹ್ನಕ್ಕೆ ಪಾಳಿ ಮುಗಿಯುತ್ತಿತ್ತು. ವರಾಂಡದ ಕುರ್ಚಿಯ ತುದಿಯಲ್ಲಿ ಕೂತು, ಅವಳು ಕೊಟ್ಟ ಒದ್ದೆ ಟವೆಲನ್ನು ತುಟಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಪುಸ್ತಕ ಬಿಡಿಸಿದ. ನೂರ ಹದಿನೆಂಟನೇ ಪುಟ.

ಕಾತ್ಯಾಯಿನಿ ಅದನ್ನು ಓದಬೇಕಾಗಿರಲಿಲ್ಲ. ಆ ಪುಟ ಅವಳ ಬೆರಳಿಗೆ ಬಾಯಿಪಾಠವಾಗಿತ್ತು. ಸಮಾವೇಶಕ್ಕೆ ಜನ ತುಂಬಿಕೊಂಡು ಹೊರಟ ಲಾರಿ ಮಗುಚಿ ಒಂಬತ್ತು ಮಂದಿ ಸತ್ತ ಪ್ರಸಂಗ ಅದು. 'ಒಂದು ಊಟದ ಪೊಟ್ಟಣಕ್ಕೆ ಲಾರಿ ಹತ್ತಿದವರು ಅವರು. ಎಲ್ಲಿಗೆ, ಏಕೆ ಹೊರಟಿದ್ದೇವೆಂದು ಒಬ್ಬನಿಗೂ ಗೊತ್ತಿರಲಿಲ್ಲ.' ಟೈಪು ಮಾಡಿದ ದಿನ ಅವಳೇ ಅದನ್ನು ಗಟ್ಟಿಯಾಗಿ ಓದಿ, "ಈ ಸಾಲು ತುಂಬ ಚೆನ್ನಾಗಿ ಬಂದಿದೆ ರೀ" ಎಂದಿದ್ದಳು.

"ಆ ಲಾರಿಯಾಗ ನಮ್ಮಪ್ಪ ಇದ್ದನ್ರಿ," ಎಂದ ಚನ್ನವೀರ. "ಬಸಪ್ಪ ಅಂತ. ನಮ್ಮಪ್ಪ ಪೊಟ್ಟಣಕ್ಕ ಹೋಗಿದ್ದಿಲ್ರಿ ಅಮ್ಮಾರ. ನಮ್ಮವ್ವ ನಸುಕಿನ್ಯಾಗ ಎದ್ದು ರೊಟ್ಟಿ ಬಡದು, ಶೇಂಗಾ ಹಿಂಡಿ ಹಚ್ಚಿ ಕಟ್ಟಿಕೊಟ್ಟಿದ್ಲು. ಮಂತ್ರಿ ಬರ್ತಾನ, ಊರಿಗೆ ಕುಡಿಯೋ ನೀರು ಕೇಳಬೇಕು ಅಂತ ಹೋಗಿದ್ನರಿ. ಅರ್ಜಿ ನಾನ ಬರದಿದ್ದೆ. ಸಾಲ್ಯಾಗ ಒಂಬತ್ತನೇತ್ತ ಇದ್ದೆ ಆವಾಗ. ಅಕ್ಷರ ಛಲೋ ಅದಾವ ಅಂತ ನನ್ನ ಕಡೆನ ಬರಸಿದ್ದ."

ಆತ ಟವೆಲು ತೆಗೆದು ಅದರ ಮೇಲಿನ ಕೆಂಪನ್ನು ನೋಡಿ, ಮಡಿಚಿ ಮತ್ತೆ ಒತ್ತಿಕೊಂಡ.

"ಅಂಗಿ ಕಿಸೆದಾಗಿನ ಅರ್ಜಿ ಪೊಲೀಸರು ತಿರುಗಿ ಕೊಟ್ರು. ಉಳಿದದ್ದೆಲ್ಲ ಸರ್ ಖರೇನ ಬರದಾರ್ರಿ. ಮೂರು ಸಲ ಓದೀನಿ. ಅದಕ್ಕ ಹೊಟ್ಟಿ ಉರೀತು. ಸುಳ್ಳು ಬರಿಯೋರು ಇದನ್ನ ಬರದಿದ್ರ ನಾನು ಇಲ್ಲಿಗೆ ಬರ್ತಿದ್ದಿಲ್ರಿ."

ಕಾತ್ಯಾಯಿನಿಗೆ ಹೇಳಬೇಕಾದದ್ದೊಂದು ಇತ್ತು. ಹೇಳದೆ ಇದ್ದರೆ ಆತನಿಗೆ ಎಂದೂ ಗೊತ್ತಾಗುವಂತಿರಲಿಲ್ಲ.

"ನಿನ್ನ ಫೋಟೋ ತೆಗೆದು ಅವ್ರನ್ನ ಕರೆದಿದ್ದು ನಾನಪ್ಪ."

ಚನ್ನವೀರ ಅವಳ ಮುಖವನ್ನೇ ನೋಡಿದ. ಸಿಟ್ಟಿಗಿಂತ ದಣಿವೇ ಹೆಚ್ಚಿದ್ದ ನೋಟ. "ಅಂಜಿಕಿ ಬಂದಿರತೈತಿ ನಿಮಗೂ," ಎಂದು ಅತ್ತ ತಿರುಗಿದ.

ಓದುವ ಕೋಣೆಯ ಅಗುಳಿ ಒಳಗಿನಿಂದ ಸರಿದ ಸದ್ದಾಯಿತು. ಆ ಬಾಗಿಲಿಗೆ ಅಗುಳಿ ಹಾಕಿದ್ದನ್ನು ಕಾತ್ಯಾಯಿನಿ ಕಂಡೇ ಇರಲಿಲ್ಲ. ರಾಮಪ್ರಸಾದರು ಹೊಸ್ತಿಲಲ್ಲಿ ನಿಂತಿದ್ದರು. ಮಲಗಿ ಎದ್ದ ಮುಖವಾಗಿರಲಿಲ್ಲ.

"ಗಲಾಟೆ ಕೇಳಿಸ್ತು," ಎಂದರು ಹೆಂಡತಿಗೆ. "ನನ್ನನ್ನ ಹುಡುಕ್ಕೊಂಡು ಬಂದ್ರು ಅಂದ್ಕೊಂಡೆ. ನೀನು ಹೊರಗೆ ಓಡಿದ್ದೂ ಕೇಳಿಸ್ತು. ಬರೋಕೆ ಆಗ್ಲಿಲ್ಲ." ತಡೆದು ಹೇಳಿದರು: "ರಾಗಿ ಡಬ್ಬದ ಹಿಂದೆ ನೀನಿಟ್ಟಿದ್ದು ನೋಡ್ದೆ. ಹಸಿರು ಮಫ್ಲರಿನ ಕಾರ್ಡು ನನಗೂ ಒಂದು ಬಂದಿತ್ತು, ನಿನಗೆ ಸಿಕ್ಕಿದ್ದಕ್ಕಿಂತ ಮುಂಚೆ. ನಿಂಗೆ ಹೇಳ್ಲಿಲ್ಲ."

ಒಂದೇ ಸೂರಿನಡಿ ಇಬ್ಬರೂ ಬೇರೆ ಬೇರೆ ನಡುಗಿದ್ದರು.

ರಾಮಪ್ರಸಾದರು ಚನ್ನವೀರನ ಎದುರು ಕೂತು, ಎಲ್ಲವನ್ನೂ ಕೇಳಿದ್ದೇನೆಂಬಂತೆ ತಲೆಯಾಡಿಸಿದರು. "ಆವಾಗಿನ ಪತ್ರಿಕೆಗಳ ವರದಿ ನೋಡಿ ಬರೆದಿದ್ದು..." ಎಂದು ಶುರುಮಾಡಿದರು.

"ನಮ್ಮ ಮನಿಗೆ ಯಾವ ಪೇಪರಿನವ್ರೂ ಬಂದಿದ್ದಿಲ್ರಿ ಸರ್."

"ನಾನೂ ಬರ್ಲಿಲ್ಲ," ಎಂದರು ರಾಮಪ್ರಸಾದರು. ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. "ತಪ್ಪಾಯ್ತಪ್ಪ. ತಿದ್ದಬೇಕು." ಯಾವ ಮುದ್ರಣದಲ್ಲಿ ಎಂದು ಅವರು ಹೇಳಲಿಲ್ಲ. ಉಳಿದ ಪ್ರತಿಗಳನ್ನು ಪ್ರಕಾಶಕರು ಹೋದ ವಾರವೇ ಅಂಗಡಿಗಳಿಂದ ವಾಪಸು ತರಿಸಿಕೊಂಡಿದ್ದರು.

ಅಷ್ಟರಲ್ಲಿ ಚನ್ನವೀರನ ಫೋನು ಬಡಿದುಕೊಂಡಿತು. ಕೋಣೆಯ ಗೆಳೆಯ. ಚನ್ನವೀರ ಕೇಳಿಸಿಕೊಂಡು, ಗೆಳೆಯ ಕಳಿಸಿದ್ದನ್ನು ತೆರೆದು ನೋಡಿದ. ಆಮೇಲೆ ಫೋನನ್ನು ಅವಳ ಕಡೆ ಚಾಚಿದ. ಅವಳೇ ತೆಗೆದ ಫೋಟೋ. ಹೊಂಗೆಮರ, ಕಪ್ಪು ಚೀಲ, ಮುಖ. ಅವಳು ಬರೆದ ಸಾಲು ಹೋಗಿ ಅಲ್ಲಿ ಬೇರೆ ಸಾಲು ಕೂತಿತ್ತು: 'ಬನಶಂಕರಿಯಲ್ಲಿ ಒಂಟಿ ಹೆಂಗಸರ ಮನೆಗಳನ್ನು ಗುರುತು ಮಾಡುತ್ತಿದ್ದ ಕಳ್ಳ. ಈ ಮುಖ ನೆನಪಿಡಿ. ಕಂಡಲ್ಲಿ ಹಿಡಿಯಿರಿ.' ಫೋಟೋ ಇಟ್ಟಮಡು ಬಡಾವಣೆಯ ಗುಂಪಿನಿಂದ ಮಡಿವಾಳದ ಗುಂಪಿಗೆ, ಅಲ್ಲಿಂದ ಚನ್ನವೀರನ ಬಾಡಿಗೆ ಮನೆಯ ಯಜಮಾನರಿಗೆ ಹೋಗಿತ್ತು. ಒಂದು ಗಂಟೆಯೂ ಆಗಿರಲಿಲ್ಲ.

ಕಾತ್ಯಾಯಿನಿ ತನ್ನ ಫೋನು ತೆಗೆದು ತಾನು ಹಾಕಿದ್ದನ್ನು ಅಳಿಸಿದಳು. ಅದರ ಕೆಳಗೆ ಚಪ್ಪಾಳೆ ತಟ್ಟುವ ಹದಿನೇಳು ಕೈಗಳು ಹಾಗೇ ಉಳಿದವು. ಅದೆಲ್ಲ ಸುಳ್ಳು, ಆತ ನಮ್ಮ ಪರಿಚಯದವನು ಎಂದು ಬರೆದಳು. ಯಾರೂ ಉತ್ತರಿಸಲಿಲ್ಲ.

ಚನ್ನವೀರ ಎದ್ದ. ಬಾಗಿಲವರೆಗೆ ಹೋದವನು ನಿಂತ. "ಬಸ್ಸಿನ್ಯಾಗ ಯಾರರ ಗುರ್ತು ಹಿಡದ್ರ ಏನ್ ಮಾಡ್ಲಿರಿ?" ಎಂದು, ಯಾರನ್ನೂ ನೋಡದೆ ಕೇಳಿದ.

"ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದರು ರಾಮಪ್ರಸಾದರು.

"ಬ್ಯಾಡ್ರಿ ಸರ್. ಮೊದಲು ನನ್ನ ಠಾಣೆದಾಗ ಕೂಡಸ್ತಾರ."

ಕಾತ್ಯಾಯಿನಿ ಚಪ್ಪಲಿ ಮೆಟ್ಟಿಕೊಂಡಳು. "ನೀವು ಮನೇಲಿರಿ," ಎಂದಳು ಗಂಡನಿಗೆ. "ನಡಿಯಪ್ಪ. ನಾನೂ ಬರ್ತೀನಿ, ನಿನ್ನ ರೂಮಿನ ತನಕ. ನಿಮ್ಮ ಓನರ್ ಹತ್ರ ನಾನು ಮಾತಾಡ್ತೀನಿ."

ಪ್ರಸನ್ನನ ಅಂಗಡಿ ದಾಟುವಾಗ ಅವನು ಒಳಗಿನಿಂದ "ಆಂಟೀ!" ಎಂದು ಕೂಗಿದ. ಅವಳು ತಿರುಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಶಾಲೆ ಬಿಟ್ಟ ಮಕ್ಕಳ ನೂಕುನುಗ್ಗಲು ಶುರುವಾಗಿತ್ತು. ಬಿಟಿಎಂ ಬಸ್ಸಿನ ಹಿಂದಿನ ಸೀಟಿನಲ್ಲಿ ಚನ್ನವೀರನನ್ನು ಕಿಟಕಿಯ ಕಡೆ ಕೂರಿಸಿ, ಅವಳು ಹೊರಬದಿಗೆ ಕೂತಳು. ಮುಂದೆ ಕಂಬಿ ಹಿಡಿದು ನಿಂತಿದ್ದ ಬಿಳಿ ಅಂಗಿಯವನೊಬ್ಬ ಫೋನು ನೋಡುತ್ತಿದ್ದ. ತಲೆಯೆತ್ತಿ ಚನ್ನವೀರನನ್ನು ನೋಡಿದ. ಮತ್ತೆ ಫೋನು ನೋಡಿದ.

"ಅಮ್ಮ ಹೇಗಿದಾರೋ?" ಎಂದು ಕಾತ್ಯಾಯಿನಿ ಮನೆಯ ಹುಡುಗನನ್ನು ವಿಚಾರಿಸುವಂತೆ ಕೇಳಿದಳು, ನಾಲ್ಕು ಸೀಟಿನವರೆಗೂ ಕೇಳುವಷ್ಟು ಜೋರಾಗಿ. ಹಿಂದಿನ ಬೆಂಚಿನ ಮಕ್ಕಳಿಗೆ ಕೇಳುವಂತೆ ಪಾಠ ಹೇಳಿದ ದನಿ ಅದು. ಆತ ಅರ್ಥವಾಗದೆ ನೋಡಿದ. ಅವಳು ಆತನ ಮುಂಗೈ ಹಿಡಿದುಕೊಂಡಳು. ಯಾರ ಕೈ ಹೆಚ್ಚು ತಣ್ಣಗಿತ್ತೆಂದು ಹೇಳುವಂತಿರಲಿಲ್ಲ.

"ಆರಾಮ ಅದಾರ್ರಿ," ಎಂದ.

"ಜೋರಾಗಿ ಹೇಳು ಮಗ," ಎಂದಳು ಪಿಸುದನಿಯಲ್ಲಿ.

"ಆರಾಮ ಅದಾರ್ರಿ. ಪಾರವ್ವ ಅಂತ ಹೆಸರು."

"ಊಟಕ್ಕೆ ಏನ್ ಮಾಡಿದ್ರಂತೆ ಇವತ್ತು?"

ಬಸ್ಸು ಕದಲಿತು. ಬಿಳಿ ಅಂಗಿಯವನ ಹೆಬ್ಬೆರಳು ಫೋನಿನ ಮೇಲೆ ಹಾಗೆಯೇ ನಿಂತಿತ್ತು. ಚನ್ನವೀರ ಒಡೆದ ತುಟಿಯಲ್ಲಿ, ಒಂದೊಂದೇ ಪದವಾಗಿ, ಜೋಳದ ರೊಟ್ಟಿ, ಪುಂಡಿ ಪಲ್ಯ ಎಂದು ಎಣಿಸಿ ಹೇಳತೊಡಗಿದ. ಅವಳು ಮತ್ತೆ ಮತ್ತೆ ಕೇಳುತ್ತಲೇ ಹೋದಳು.